ವಿಯೆಟ್ನಾಂ ಮೆಣಸಿಗೆ ಲಂಕೆಯ ಚೀಟಿ

ನಮ್ಮ ಶಾಂತಿಗ್ರಾಮ ಹೋಬಳಿ ಮೆಣಸಿನ ಸೀಮೆಯಲ್ಲ. ರಾಗಿ, ಆಲೂಗಡ್ಡೆ, ಮುಸುಕಿನ ಜೋಳ, ತೆಂಗು, ಇಷ್ಟೇ. ಮೆಣಸು ಎಂದರೆ ನನಗೆ ನೆನಪಾಗುವುದು ಆಲೂರು ತಾಲ್ಲೂಕಿನ ಸೋದರಮಾವನ ಮನೆಯ ಕಣ. ಅವರದು ಎರಡೂವರೆ ಎಕರೆ ಕಾಫಿ, ನೆರಳಿಗೆ ಸಿಲ್ವರ್ ಓಕ್ ಮರ, ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ. ಕಾಫಿ ದುಡ್ಡು ಸಾಲಕ್ಕೆ, ಗೊಬ್ಬರಕ್ಕೆ, ಆಳಿನ ಕೂಲಿಗೆ ಹೋಗುತ್ತದೆ, ಮನೆಗೆ ಉಳಿಯುವುದು ಮೆಣಸಿನ ದುಡ್ಡು ಎಂದು ಅತ್ತೆ ಯಾವಾಗಲೂ ಹೇಳುತ್ತಿದ್ದರು.

2016ರ ಬೇಸಿಗೆಯಲ್ಲಿ ಕರಿಮೆಣಸಿನ ಬೆಲೆ ಕೆ.ಜಿ.ಗೆ 600 ರೂಪಾಯಿ ದಾಟಿತ್ತು. ಇನ್ನೂ ಏರುತ್ತದೆ ಎಂಬ ಆಸೆಯಿಂದ ಮಾವ ಆರು ಮೂಟೆಯನ್ನು ಮಾರದೆ ಅಟ್ಟದ ಮೇಲೆ ಇಟ್ಟರು. ಚೆನ್ನಾಗಿ ಒಣಗಿಸಿದ ಮೆಣಸು ಬೇಗ ಕೆಡುವುದಿಲ್ಲ, ಮಲೆನಾಡಿನ ಸಣ್ಣ ಬೆಳೆಗಾರರಿಗೆ ಅದೇ ಬ್ಯಾಂಕು. ಆದರೆ ಮರುವರ್ಷ ಬೆಲೆ ಇಳಿಯಿತು. 2018ರಲ್ಲಿ ಮಗಳನ್ನು ಕಾಲೇಜಿಗೆ ಸೇರಿಸುವ ಹೊತ್ತಿಗೆ 400ರ ಕೆಳಗೆ ಬಂದಿತ್ತು. ಬೇರೆ ದಾರಿ ಇಲ್ಲದೆ ಅದೇ ಬೆಲೆಗೆ ಮಾರಿದರು. 300 ಕೆ.ಜಿ. ಮಾಲಿಗೆ ಕೈಬಿಟ್ಟು ಹೋದದ್ದು ಸುಮಾರು 60 ಸಾವಿರ ರೂಪಾಯಿ. ಎಂಜಿನಿಯರಿಂಗ್ ಸೇರಬೇಕೆಂದಿದ್ದ ಅವಳು ಬಿ.ಎಸ್ಸಿ.ಗೆ ಅರ್ಜಿ ಹಾಕಿದಳು.

‘ವಿಯೆಟ್ನಾಂ ಮೆಣಸು ಲಂಕೆಯಿಂದ ಬಂದು ಬೀಳ್ತಾ ಐತೆ ಕಣವ್ವ, ನಮ್ಮದನ್ನ ಯಾರು ಕೇಳ್ತಾರೆ’ ಎಂದರು ಮಾವ. ನಾನಾಗ ಪಿಯುಸಿ. ವಿಯೆಟ್ನಾಂ ಮೆಣಸು ವಿಯೆಟ್ನಾಂನಿಂದ ಬರಬೇಕು, ಲಂಕೆಯಿಂದ ಹೇಗೆ ಬರುತ್ತದೆ ಎಂದು ಕೇಳಿದೆ. ‘ಅದೆಲ್ಲ ಬಿಲ್ಲಿನ ಆಟ’ ಎಂದು ಎದ್ದು ಹೋದರು.

ಆ ಬಿಲ್ಲಿನ ಆಟ ಏನೆಂದು ನನಗೆ ಸ್ವಲ್ಪವಾದರೂ ತಿಳಿದದ್ದು ಬಿ.ಕಾಂ. ಮುಗಿಸಿ, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಲು ಕೂತಾಗ. ನಮ್ಮ ಗೈಡುಗಳಲ್ಲಿ ಮುಕ್ತ ವ್ಯಾಪಾರ ಒಪ್ಪಂದ ಎಂದರೆ ಒಂದು ಹೆಸರು, ಒಂದು ದಿನಾಂಕ, ನಾಲ್ಕು ಆಯ್ಕೆ. ‘ಭಾರತ ಆಫ್ರಿಕಾದ ಯಾವ ದೇಶದೊಂದಿಗೆ ಮೊದಲ ವ್ಯಾಪಾರ ಒಪ್ಪಂದ ಮಾಡಿಕೊಂಡಿತು?’ ಉತ್ತರ ಮಾರಿಷಸ್, ಒಂದು ಅಂಕ, ಮುಂದಿನ ಪ್ರಶ್ನೆ. ಮಾವನ ಅಟ್ಟದ ಮೇಲಿನ ಮೂಟೆಗೂ ಆ ಒಂದು ಅಂಕಕ್ಕೂ ಸಂಬಂಧವಿದೆ ಎಂದು ಯಾವ ಗೈಡೂ ಹೇಳುವುದಿಲ್ಲ. 2025ರ ಜುಲೈನಲ್ಲಿ ಪ್ರಧಾನಿ ಮಾಲೆಗೆ ಹೋಗಿದ್ದಾಗ ಮಾಲ್ದೀವ್ಸ್ ಜೊತೆಗೂ ಇಂಥದೇ ಒಪ್ಪಂದದ ಮಾತುಕತೆಗೆ ಚಾಲನೆ ಸಿಕ್ಕಿದ್ದರಿಂದ ಇದನ್ನು ಬರೆಯಬೇಕೆನಿಸಿತು.

ಮೊದಲು ಗಾತ್ರದ ಮಾತು. 2011ರ ಜನಗಣತಿಯ ಪ್ರಕಾರ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ಮಾರಿಷಸ್ ಇಡೀ ದೇಶದ ಜನಸಂಖ್ಯೆ ಸುಮಾರು 12 ಲಕ್ಷ, ವಿಸ್ತೀರ್ಣ ನಮ್ಮ ಜಿಲ್ಲೆಯ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಮಾಲ್ದೀವ್ಸ್‌ನಲ್ಲಿ ಇರುವವರು ಐದು ಲಕ್ಷದ ಆಸುಪಾಸು. ಶ್ರೀಲಂಕಾ ಇವೆರಡಕ್ಕಿಂತ ಬಹಳ ದೊಡ್ಡದು, ಎರಡು ಕೋಟಿಗೂ ಹೆಚ್ಚು ಜನ. ಆದರೂ ಆ ದೇಶದ ಒಟ್ಟು ಆರ್ಥಿಕತೆ ನಮ್ಮ ಕರ್ನಾಟಕ ಒಂದರ ಆರ್ಥಿಕತೆಯ ಮೂರನೇ ಒಂದು ಪಾಲಿನಷ್ಟು. ಇಷ್ಟು ಸಣ್ಣವರ ಜೊತೆ ಇಷ್ಟು ದೊಡ್ಡ ದೇಶ ಸುಂಕವಿಲ್ಲದ ವ್ಯಾಪಾರಕ್ಕೆ ಒಪ್ಪಿದರೆ ನಮಗೇನು ನಷ್ಟ? ಅವರು ಬೆಳೆದದ್ದನ್ನೆಲ್ಲ ತಂದು ಸುರಿದರೂ ನಮ್ಮ ಮಾರುಕಟ್ಟೆಯ ಒಂದು ಮೂಲೆ ತುಂಬೀತೇ? ನಾನೂ ಹೀಗೇ ಯೋಚಿಸಿದ್ದೆ. ಅವರು ಬೆಳೆದದ್ದು ಮಾತ್ರ ಬಂದರೆ ಈ ಲೆಕ್ಕ ಸರಿ. ಅವರ ಬಾಗಿಲಿನಿಂದ ಬೇರೆಯವರದ್ದು ಬಂದರೆ?

ಭಾರತ ಮತ್ತು ಶ್ರೀಲಂಕಾ ನಡುವಿನ ಒಪ್ಪಂದಕ್ಕೆ ಸಹಿ ಬಿದ್ದದ್ದು 1998ರ ಡಿಸೆಂಬರ್ 28ರಂದು. ಇಲ್ಲಿ ಅಟಲ್ ಬಿಹಾರಿ ವಾಜಪೇಯಿ ಪ್ರಧಾನಿ, ಅಲ್ಲಿ ಚಂದ್ರಿಕಾ ಕುಮಾರತುಂಗ ಅಧ್ಯಕ್ಷೆ. ಜಾರಿಗೆ ಬಂದದ್ದು 2000ದ ಮಾರ್ಚ್‌ನಲ್ಲಿ. ದೊಡ್ಡವನು ಹೆಚ್ಚು ಬಿಟ್ಟುಕೊಡಬೇಕು ಎಂಬ ತತ್ವ ಅದರಲ್ಲಿ ಎದ್ದು ಕಾಣುತ್ತದೆ. ಭಾರತ 1,351 ಸರಕುಗಳ ಮೇಲಿನ ಸುಂಕವನ್ನು ಕೂಡಲೇ ತೆಗೆದುಹಾಕಿತು, ಉಳಿದವಕ್ಕೆ ಮೂರು ವರ್ಷ ತೆಗೆದುಕೊಂಡಿತು. ಶ್ರೀಲಂಕಾ ಮೊದಲ ದಿನ ಸುಂಕ ತೆಗೆದದ್ದು 319 ಸರಕುಗಳಿಗೆ ಮಾತ್ರ, ಉಳಿದವಕ್ಕೆ ಎಂಟು ವರ್ಷದ ಕಾಲಾವಕಾಶ. ಯಾವ ರಿಯಾಯಿತಿಯೂ ಇಲ್ಲದ ಸರಕುಗಳ ಪಟ್ಟಿ ನಮ್ಮದು 429, ಅವರದು 1,180.

ಇದು ಅನ್ಯಾಯ ಎನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಒಪ್ಪಂದಕ್ಕೆ ಮುಂಚೆ ನಾವು ಅವರಿಗೆ ಮಾರುತ್ತಿದ್ದುದು ಅವರು ನಮಗೆ ಮಾರುತ್ತಿದ್ದುದಕ್ಕಿಂತ ಸುಮಾರು ಹತ್ತು ಪಟ್ಟು. ಹಾಗಿರುವಾಗ ಇಬ್ಬರೂ ಸಮ ಸಮ ಬಾಗಿಲು ತೆರೆಯೋಣ ಎಂದರೆ ಸಣ್ಣವನ ಅಂಗಡಿ ಮುಚ್ಚಿಹೋಗುತ್ತದೆ.

ಒಪ್ಪಂದದ ನಿಜವಾದ ಜೀವ ಇರುವುದು ಈ ಪಟ್ಟಿಗಳಲ್ಲಲ್ಲ, ಕೊನೆಯ ಅನುಬಂಧಗಳಲ್ಲಿ ಬರುವ ‘ಮೂಲದ ನಿಯಮ’ದಲ್ಲಿ. ಯಾವ ಸರಕನ್ನು ‘ಶ್ರೀಲಂಕಾದ್ದು’ ಎಂದು ಒಪ್ಪಬೇಕು ಎಂದು ಹೇಳುವ ನಿಯಮ ಅದು. ಕಾರ್ಖಾನೆಯ ಸರಕಾದರೆ ಅದರ ಮೌಲ್ಯದಲ್ಲಿ ಶೇ 35ರಷ್ಟು ಶ್ರೀಲಂಕಾದಲ್ಲೇ ಸೇರಿರಬೇಕು. ಭಾರತದಿಂದಲೇ ತಂದ ಕಚ್ಚಾವಸ್ತು ಶೇ 10ರಷ್ಟು ಇದ್ದರೆ, ಅಲ್ಲಿ ಸೇರಿದ್ದು ಶೇ 25 ಇದ್ದರೂ ಸಾಕು. ಜೊತೆಗೆ, ಹೊರಗಿನಿಂದ ಬಂದ ಕಚ್ಚಾವಸ್ತು ಬೇರೆಯೇ ಸರಕಾಗಿ ಬದಲಾಗಿರಬೇಕು. ಮೆಣಸು, ಅಡಿಕೆಯಂಥ ಬೆಳೆಗಳಿಗೆ ಶೇಕಡಾ ಲೆಕ್ಕವೇ ಇಲ್ಲ. ಅವು ಆ ನೆಲದಲ್ಲೇ ಬೆಳೆದಿರಬೇಕು. ಇದಕ್ಕೆ ಅಲ್ಲಿನ ವಾಣಿಜ್ಯ ಇಲಾಖೆ ಒಂದು ಮೂಲ ಪ್ರಮಾಣಪತ್ರ ಕೊಡುತ್ತದೆ. ಆ ಚೀಟಿ ಇದ್ದರೆ ನಮ್ಮ ಬಂದರಿನಲ್ಲಿ ಸುಂಕ ಇಲ್ಲ.

ಒಪ್ಪಂದ ಜಾರಿಗೆ ಬಂದ ಕೆಲವೇ ವರ್ಷಗಳಲ್ಲಿ ಶ್ರೀಲಂಕಾದ ರಫ್ತು ಹಾರಿತು. 1999ರಲ್ಲಿ 5 ಕೋಟಿ ಡಾಲರ್ ಕೂಡ ಇರದಿದ್ದುದು 2005ರ ಹೊತ್ತಿಗೆ 55 ಕೋಟಿ ಡಾಲರ್ ಮುಟ್ಟಿತು. ಚಹಾ, ಲವಂಗ, ರಬ್ಬರ್ ಇಷ್ಟೊಂದು ಮಾರಾಟವಾಯಿತೇ ಎಂದು ನೋಡಿದರೆ ದೊಡ್ಡ ಪಾಲು ತಾಮ್ರ ಮತ್ತು ವನಸ್ಪತಿಯದು! ತಾಮ್ರದ ಗಣಿಯೇ ಇಲ್ಲದ ದೇಶ ತಾಮ್ರ ರಫ್ತು ಮಾಡುತ್ತಿತ್ತು. ಹೊರದೇಶಗಳ ಗುಜರಿ ತಾಮ್ರವನ್ನು ತರಿಸಿ, ಕರಗಿಸಿ, ಸುಂಕವಿಲ್ಲದೆ ಭಾರತಕ್ಕೆ ಕಳಿಸುವ ಘಟಕಗಳು ಅಲ್ಲಿ ಎದ್ದಿದ್ದವು. ವನಸ್ಪತಿಯದೂ ಅದೇ ಕಥೆ. ಆಗ ಭಾರತದಲ್ಲಿ ತಾಳೆ ಎಣ್ಣೆಯ ಮೇಲೆ ಭಾರೀ ಸುಂಕವಿತ್ತು, ಅಲ್ಲಿ ಇರಲಿಲ್ಲ. ಮಲೇಷ್ಯಾ, ಇಂಡೊನೇಷ್ಯಾದ ತಾಳೆ ಎಣ್ಣೆ ಕೊಲಂಬೊಗೆ ಇಳಿಯಿತು, ಅಲ್ಲಿ ವನಸ್ಪತಿ ಆಯಿತು, ಲಂಕೆಯ ಚೀಟಿ ಹೊತ್ತು ಇಲ್ಲಿಗೆ ಬಂತು. ಆ ಕಾರ್ಖಾನೆಗಳನ್ನು ಹಾಕಿದವರು ಯಾರು ಅಂತೀರಿ? ಬಹುಪಾಲು ನಮ್ಮವರೇ, ಭಾರತದ ಉದ್ಯಮಿಗಳೇ.

ಇಲ್ಲಿನ ವನಸ್ಪತಿ ತಯಾರಕರು ಗಲಾಟೆ ಮಾಡಿದ ಮೇಲೆ 2006ರಲ್ಲಿ ವನಸ್ಪತಿಗೆ ವರ್ಷಕ್ಕೆ ಎರಡೂವರೆ ಲಕ್ಷ ಟನ್‌ಗಳ ಮಿತಿ ಬಂತು. ಮೆಣಸಿಗೆ 2,500 ಟನ್, ತೆಂಗಿನ ತುರಿಪುಡಿಗೆ 500 ಟನ್ ಮಿತಿ. ಚನ್ನರಾಯಪಟ್ಟಣ, ಅರಸೀಕೆರೆಯ ತೆಂಗು ಬೆಳೆಗಾರರು ಈ ಕೊನೆಯ ಸಂಖ್ಯೆಯನ್ನು ಗಮನಿಸಬೇಕು. ಸಣ್ಣ ಮಿತಿಯೇ, ಆದರೆ ಅದು ಅಲ್ಲಿರುವುದು ಯಾರೋ ಕೂತು ಕೇಳಿದ್ದರಿಂದ. ಆಮೇಲೆ ಭಾರತವೇ ತಾಳೆ ಎಣ್ಣೆಯ ಸುಂಕ ಇಳಿಸುತ್ತಾ ಬಂದಿತು. ಸುತ್ತಿ ಬರುವುದರಲ್ಲಿ ಲಾಭವಿಲ್ಲ ಎಂದಾದ ಕೂಡಲೇ ಲಂಕೆಯ ವನಸ್ಪತಿ ಕಾರ್ಖಾನೆಗಳು ಬಾಗಿಲು ಹಾಕಿದವು. ಅಲ್ಲಿ ಕೆಲಸಕ್ಕಿದ್ದ ಹುಡುಗರು ಮನೆಗೆ ಹೋದರು. ಸುಂಕದ ವ್ಯತ್ಯಾಸವೊಂದನ್ನೇ ನಂಬಿ ಹುಟ್ಟಿದ ಉದ್ಯೋಗ ಹಾಗೇ ಹೋಗುತ್ತದೆ.

ವನಸ್ಪತಿಯವರು ಮಾಡಿದ್ದು ನಿಯಮದೊಳಗಿನ ಜಾಣತನ. ಎಣ್ಣೆ ನಿಜವಾಗಿಯೂ ವನಸ್ಪತಿ ಆಗುತ್ತಿತ್ತು. ಮೆಣಸಿನದು ಹಾಗಲ್ಲ. ವಿಯೆಟ್ನಾಂ ಮೆಣಸನ್ನು ಕೊಲಂಬೊದಲ್ಲಿ ಜರಡಿ ಹಿಡಿದು ಮೂಟೆ ಬದಲಾಯಿಸಿದರೆ ಅದು ಲಂಕೆಯ ಮೆಣಸಾಗುವುದಿಲ್ಲ. ಒಪ್ಪಂದ ಅದಕ್ಕೆ ಅವಕಾಶ ಕೊಟ್ಟೇ ಇಲ್ಲ. ಹಾಗೆ ಬಂದಿದ್ದರೆ ಅದು ಸುಳ್ಳು ಚೀಟಿಯ ಮೇಲೆ ಬಂದ ಮಾಲು.

ಯಾಕೆ ಬರುತ್ತದೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಮೆಣಸಿನ ಮೇಲೆ ಭಾರತದ ಸಾಮಾನ್ಯ ಸುಂಕ ಶೇ 70. ವಿಯೆಟ್ನಾಂ ಆಸಿಯಾನ್ ಕೂಟದ ದೇಶ. 2010ರಲ್ಲಿ ಜಾರಿಗೆ ಬಂದ ಆಸಿಯಾನ್ ಒಪ್ಪಂದದಲ್ಲಿ ಮೆಣಸನ್ನು ವಿಶೇಷ ಸರಕೆಂದು ಗುರುತಿಸಿ, ಸುಂಕವನ್ನು ನಿಧಾನವಾಗಿ ಶೇ 50ಕ್ಕೆ ಇಳಿಸುವುದೆಂದು ತೀರ್ಮಾನವಾಗಿತ್ತು. ಶ್ರೀಲಂಕಾ ಮೆಣಸಾದರೆ 2,500 ಟನ್‌ವರೆಗೆ ಸುಂಕವೇ ಇಲ್ಲ, ಅದನ್ನು ಮೀರಿದರೆ ಸಾರ್ಕ್ ದೇಶಗಳ ‘ಸಾಫ್ಟಾ’ ಒಪ್ಪಂದದಡಿ ಶೇ 8. ಈಗ ಒಂದು ಕೆ.ಜಿ. ವಿಯೆಟ್ನಾಂ ಮೆಣಸಿಗೆ 300 ರೂಪಾಯಿ ಎಂದಿಟ್ಟುಕೊಳ್ಳಿ. ನೇರವಾಗಿ ಬಂದರೆ ಶೇ 50 ಸುಂಕ ಸೇರಿ 450 ಆಗುತ್ತದೆ. ಲಂಕೆಯ ಚೀಟಿ ಅಂಟಿಸಿಕೊಂಡು ಬಂದರೆ 300, ಹೆಚ್ಚೆಂದರೆ 324. ಕೆ.ಜಿ.ಗೆ 126 ರೂಪಾಯಿ ವ್ಯತ್ಯಾಸ. ಒಂದು ಚೀಟಿಗೆ ಇಷ್ಟು ಬೆಲೆ ಇದ್ದರೆ ಅದನ್ನು ಹೇಗಾದರೂ ಪಡೆಯಲು ನೋಡುವವರು ಇದ್ದೇ ಇರುತ್ತಾರೆ.

2017ರಲ್ಲಿ ಕೊಡಗಿನ ಗೋಣಿಕೊಪ್ಪಲು ಎಪಿಎಂಸಿಯಲ್ಲಿ ವಿಯೆಟ್ನಾಂ ಮೆಣಸನ್ನು ಸ್ಥಳೀಯ ಮೆಣಸಿನ ಜೊತೆ ಬೆರೆಸಲಾಗುತ್ತಿದೆ ಎಂಬ ಆರೋಪ ದೊಡ್ಡ ವಿವಾದವಾಗಿ ಬೆಳೆಗಾರರು ಬೀದಿಗಿಳಿದರು. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರ ಸಂಘಗಳು ದೆಹಲಿಗೆ ಮನವಿ ಕೊಟ್ಟವು. ಅದೇ ವರ್ಷ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮೆಣಸಿಗೆ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. 2018ರ ಮಾರ್ಚ್‌ನಲ್ಲಿ ಅದನ್ನು ಬಿಗಿಗೊಳಿಸಿ, ಅದಕ್ಕಿಂತ ಕಡಿಮೆ ಬೆಲೆಯ ಮೆಣಸಿನ ಆಮದನ್ನು ನಿಷೇಧಿಸಿತು. ಅಡಿಕೆಗೂ ಇಂಥದೇ ಬೇಲಿ ಇದೆ. 2017ರಲ್ಲಿ 251 ರೂಪಾಯಿ ಇದ್ದುದನ್ನು 2023ರ ಫೆಬ್ರವರಿಯಲ್ಲಿ 351ಕ್ಕೆ ಏರಿಸಿದರು.

ಬೇಲಿ ಹಾಕಿದ ಮೇಲೂ ಮಾವನ ಮೆಣಸಿಗೆ 500 ಸಿಗಲಿಲ್ಲ. ಬೆಳೆಗಾರರ ಸಂಘಗಳು ಇದಕ್ಕೆ ಕೊಟ್ಟ ಕಾರಣ ಕೇಳಿದಾಗ ನನಗೆ ‘ಬಿಲ್ಲಿನ ಆಟ’ ಎಂಬ ಮಾತು ಮತ್ತೆ ನೆನಪಾಯಿತು. 300 ರೂಪಾಯಿಯ ಮಾಲಿಗೆ 500 ಎಂದು ಬಿಲ್ಲು ಬರೆಸಿದರೆ ಆಯಿತು ಎಂಬುದು ಅವರ ದೂರು. ಸುಂಕ ಶೇ 50 ಇದ್ದಾಗ ಹೀಗೆ ಬೆಲೆ ಹೆಚ್ಚಿಸಿ ಬರೆದರೆ ಬರೆದವನಿಗೇ ಹೊರೆ. ಸುಂಕ ಸೊನ್ನೆಯೋ ಎಂಟೋ ಇದ್ದಾಗ ಬಿಲ್ಲಿನಲ್ಲಿ ಎಷ್ಟು ಬರೆದರೂ ಹೆಚ್ಚೇನೂ ಖರ್ಚಿಲ್ಲ. ಅಂದರೆ ಬೆಲೆಯ ಬೇಲಿ ಕೂಡ ಕೊನೆಗೆ ನಿಂತಿರುವುದು ಮೂಲದ ನಿಯಮದ ಮೇಲೇ. ಅದು ಸಡಿಲವಾದರೆ ಬೇಲಿಯೂ ಸಡಿಲ.

ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಆ ವರ್ಷಗಳಲ್ಲಿ ಬೆಲೆ ಬಿದ್ದದ್ದಕ್ಕೆಲ್ಲ ಲಂಕೆಯನ್ನೇ ದೂರಲಾಗದು. ವಿಯೆಟ್ನಾಂ ಜಗತ್ತಿನಲ್ಲೇ ಅತಿ ಹೆಚ್ಚು ಮೆಣಸು ಬೆಳೆಯುವ ದೇಶ. ಬೆಲೆ ಚೆನ್ನಾಗಿದ್ದ ವರ್ಷಗಳಲ್ಲಿ ಅಲ್ಲಿ ತೋಟ ವಿಪರೀತ ವಿಸ್ತರಿಸಿ, ಫಸಲು ಹೆಚ್ಚಾಗಿ, ಎಲ್ಲ ಕಡೆ ಬೆಲೆ ಕುಸಿಯಿತು. ಕೊಚ್ಚಿಯ ಸುತ್ತಮುತ್ತ ಮೆಣಸಿನ ಸಾರ ತೆಗೆದು ರಫ್ತು ಮಾಡುವ ಕಾರ್ಖಾನೆಗಳಿವೆ. ಅವರಿಗೆ ಅಗ್ಗದ ಹೊರದೇಶದ ಮೆಣಸು ಬೇಕು, ರಫ್ತಿಗಾಗಿಯೇ ತರಿಸುವವರಿಗೆ ಬೆಲೆ ಮಿತಿಯಿಂದ ವಿನಾಯಿತಿಯೂ ಸಿಕ್ಕಿತು. ಅಲ್ಲಿ ಕೆಲಸ ಮಾಡುವವರೂ ನಮ್ಮಂಥವರ ಮನೆಯ ಮಕ್ಕಳೇ. ಆಮದೆಲ್ಲ ಪಾಪ ಎಂದು ಬಿಡುವುದು ಸುಲಭ, ಸರಿಯಲ್ಲ.

ಇನ್ನು ಆ ದಡದ ಮಾತು. ನಾವು ಲಂಕೆಯವರು ಮೋಸ ಮಾಡಿದರು ಎನ್ನುತ್ತೇವೆ. ಲಂಕೆಯ ಮಾತಳೆ, ಕ್ಯಾಂಡಿ ಕಡೆ ಮೆಣಸು ಬೆಳೆಯುವವರು ಬಹುಪಾಲು ನಮ್ಮ ಮಾವನಂಥ ಸಣ್ಣ ಹಿಡುವಳಿದಾರರು. ಅವರ ಮೆಣಸಿಗೆ ಖಾರ ಹೆಚ್ಚು, ಸಾರ ತೆಗೆಯುವವರಿಂದ ಒಳ್ಳೆಯ ಬೇಡಿಕೆ ಇದೆ. ವಿಯೆಟ್ನಾಂ ಮಾಲು ಅವರ ದೇಶದ ಹೆಸರಿನಲ್ಲಿ ಭಾರತಕ್ಕೆ ಹೋದರೆ 2,500 ಟನ್ ಮಿತಿಯನ್ನು ಅದೇ ತಿಂದುಹಾಕುತ್ತದೆ, ಅವರ ಸ್ವಂತ ಮೆಣಸು ಹಿಂದೆ ಬೀಳುತ್ತದೆ, ಹೆಸರೂ ಕೆಡುತ್ತದೆ. ಅಲ್ಲಿಯ ಬೆಳೆಗಾರರೂ ಇದರ ವಿರುದ್ಧ ಗಲಾಟೆ ಮಾಡಿದರು. ಮೆಣಸು, ಅಡಿಕೆಯಂಥವನ್ನು ಹೊರಗಿನಿಂದ ತಂದು ಮರುರಫ್ತು ಮಾಡುವುದಕ್ಕೆ ಆ ಸರ್ಕಾರವೂ ಮುಂದೆ ತಡೆ ಹಾಕಿತು. ಆಲೂರಿನ ಬೆಳೆಗಾರ ಮತ್ತು ಮಾತಳೆಯ ಬೆಳೆಗಾರ ಇಬ್ಬರೂ ಒಂದೇ ಕಡೆ ಇದ್ದರು. ಎದುರಿಗೆ ಇದ್ದದ್ದು ಎರಡೂ ದೇಶಗಳ ಕೆಲವು ದಲ್ಲಾಳಿಗಳು.

ಅವರಿಗೆ ನಮ್ಮ ಮೇಲೆ ದೂರಿಲ್ಲವೇ? ಬೇಕಾದಷ್ಟಿದೆ. ಸಿದ್ಧ ಉಡುಪು ಅವರ ದೊಡ್ಡ ರಫ್ತು. ಅದಕ್ಕೆ ನಾವು ವರ್ಷಕ್ಕೆ 80 ಲಕ್ಷ ಉಡುಪುಗಳ ಮಿತಿ ಹಾಕಿದೆವು, ಅದರಲ್ಲಿ ಬಹುಪಾಲನ್ನು ಭಾರತದ ಬಟ್ಟೆಯಿಂದಲೇ ಹೊಲಿಯಬೇಕು ಎಂದೆವು, ಇಂಥ ಬಂದರಿಗೇ ಬರಬೇಕು ಎಂದೆವು. ಕೊಟ್ಟಂತೆ ಮಾಡಿ ಬಾಗಿಲಲ್ಲಿ ನಿಲ್ಲಿಸಿದರು ಎಂಬುದು ಅವರ ಮಾತು. ನಮ್ಮ ಕಡೆಯಿಂದ ನೋಡಿದರೆ ಅದಕ್ಕೂ ಕಾರಣವಿದೆ. ಬೆಳಗ್ಗೆ ಹೊತ್ತು ಶಾಂತಿಗ್ರಾಮದ ಹೆದ್ದಾರಿಯಲ್ಲಿ ನಿಂತರೆ ಹಾಸನದ ಗಾರ್ಮೆಂಟ್ಸ್‌ಗೆ ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುವ ಬಸ್ಸುಗಳು ಕಾಣುತ್ತವೆ. ನನ್ನ ಹೈಸ್ಕೂಲು ಗೆಳತಿಯರಲ್ಲಿ ಮೂವರು ಅದರಲ್ಲೇ ಹೋಗುತ್ತಾರೆ. ಆ ಮಿತಿ ಹಾಕಿದವರು ಇವರನ್ನು ನೆನೆದು ಹಾಕಿದರೋ ಇಲ್ಲವೋ, ಇವರಿಗೆ ಅದರಿಂದ ಸ್ವಲ್ಪ ನೆರಳು ಸಿಕ್ಕಿದ್ದು ನಿಜ. ಬಂಡವಾಳ ಮಾತ್ರ ಯಾವ ಮಿತಿಗೂ ಕಾಯಲಿಲ್ಲ. ಲಂಕೆಯ ಬ್ರಾಂಡಿಕ್ಸ್ ಕಂಪನಿ ಆಂಧ್ರದ ವಿಶಾಖಪಟ್ಟಣದ ಹತ್ತಿರ ಬಂದು ಉಡುಪು ನಗರವನ್ನೇ ಕಟ್ಟಿತು. ಬೆಂಗಳೂರಿನಲ್ಲಿ ನಾವು ನೋಡುವ ಡ್ಯಾಮ್ರೊ ಪೀಠೋಪಕರಣ ಮಳಿಗೆಯೂ ಲಂಕೆಯದೇ.

ಇದಕ್ಕಿಂತ ನಮ್ಮ ವಯಸ್ಸಿನವರಿಗೆ ಹತ್ತಿರವಾದ ಸಂಗತಿ ಇನ್ನೊಂದಿದೆ. ಸರಕಿನ ಒಪ್ಪಂದವನ್ನು ಸೇವೆ ಮತ್ತು ಹೂಡಿಕೆಗೂ ವಿಸ್ತರಿಸುವ ‘ಸೀಪಾ’ ಮಾತುಕತೆ 2008ರಲ್ಲಿ ಮುಗಿದು ಸಹಿಗೆ ಸಿದ್ಧವಾಗಿತ್ತು. ಶ್ರೀಲಂಕಾ ಕೊನೆಗೆ ಹಿಂದೆ ಸರಿಯಿತು. 2016ರಲ್ಲಿ ‘ಎಟ್ಕಾ’ ಎಂಬ ಹೊಸ ಹೆಸರಿನಲ್ಲಿ ಮತ್ತೆ ಶುರುವಾಯಿತು, 2018ರ ನಂತರ ನಿಂತಿತು, 2023ರ ಅಕ್ಟೋಬರ್‌ನಲ್ಲಿ ಪುನಃ ಆರಂಭವಾಯಿತು, ಸಹಿ ಮಾತ್ರ ಬಿದ್ದಿಲ್ಲ. ಅಲ್ಲಿ ಇದನ್ನು ವಿರೋಧಿಸಿದವರಲ್ಲಿ ಮುಂದೆ ನಿಂತವರು ಸರ್ಕಾರಿ ವೈದ್ಯರ ಸಂಘದವರು ಮತ್ತು ಐ.ಟಿ. ಉದ್ಯೋಗಿಗಳು. ಕಡಿಮೆ ಸಂಬಳಕ್ಕೆ ಒಪ್ಪುವ ಭಾರತದ ಯುವಕರು ಬಂದು ನಮ್ಮ ಕೆಲಸ ಕಿತ್ತುಕೊಳ್ಳುತ್ತಾರೆ ಎಂಬುದು ಅವರ ಭಯ.

ಇದನ್ನು ಓದಿದಾಗ ನನಗೆ ಒಂಥರಾ ಆಯಿತು. ಅವರು ಹೆದರಿರುವುದು ಯಾರಿಗೆ? ಹಾಸನದಲ್ಲಿ ಡಿಗ್ರಿ ಮುಗಿಸಿ ಬೆಂಗಳೂರಿನಲ್ಲಿ ಪಿ.ಜಿ.ಯ ರೂಮಿನಲ್ಲಿ ನಾಲ್ವರು ಮಲಗಿ, ವಾರಕ್ಕೆ ಮೂರು ಇಂಟರ್‌ವ್ಯೂ ಕೊಡುತ್ತಿರುವ ನಮ್ಮ ಅಣ್ಣ ತಮ್ಮಂದಿರಿಗೆ! ಅಗ್ಗದ ಮೆಣಸು ಬಂದು ನಮ್ಮ ಬೆಲೆ ಕೆಡಿಸುತ್ತದೆ ಎಂದು ನಾವು ಹೆದರಿದಂತೆಯೇ, ಅಗ್ಗದ ಎಂಜಿನಿಯರ್ ಬಂದು ತಮ್ಮ ಸಂಬಳ ಕೆಡಿಸುತ್ತಾನೆ ಎಂದು ಅವರು ಹೆದರುತ್ತಾರೆ. ನಮ್ಮ ಭಯ ನ್ಯಾಯವಾದರೆ ಅವರದೂ ನ್ಯಾಯವೇ ಅಲ್ಲವೇ?

ಮಾರಿಷಸ್ ಕಥೆಯಲ್ಲಿ ಸುತ್ತಿ ಬಂದದ್ದು ಸರಕಲ್ಲ, ದುಡ್ಡು. 1982ರ ತೆರಿಗೆ ಒಪ್ಪಂದದಿಂದಾಗಿ ಅಲ್ಲಿ ಕಂಪನಿ ಮಾಡಿಕೊಂಡು ಇಲ್ಲಿ ಷೇರು ಕೊಂಡು ಮಾರಿದರೆ ಲಾಭದ ಮೇಲೆ ಎರಡೂ ಕಡೆ ತೆರಿಗೆ ಇರಲಿಲ್ಲ. ಹಾಗಾಗಿ ವರ್ಷಗಟ್ಟಲೆ ಭಾರತಕ್ಕೆ ಅತಿ ಹೆಚ್ಚು ವಿದೇಶಿ ಬಂಡವಾಳ ತಂದ ದೇಶಗಳ ಪಟ್ಟಿಯಲ್ಲಿ ನಮ್ಮ ಜಿಲ್ಲೆಗಿಂತ ಸಣ್ಣ ಆ ದ್ವೀಪ ಮೇಲಿನ ಸ್ಥಾನದಲ್ಲಿತ್ತು. 2016ರಲ್ಲಿ ಒಪ್ಪಂದ ತಿದ್ದಿ, 2017ರ ಏಪ್ರಿಲ್ 1ರಿಂದ ಕೊಂಡ ಷೇರುಗಳ ಲಾಭಕ್ಕೆ ಭಾರತವೂ ತೆರಿಗೆ ಹಾಕುವಂತೆ ಮಾಡಲಾಯಿತು. ಸರಕು ಮತ್ತು ಸೇವೆಯ ಒಪ್ಪಂದ ‘ಸೆಕ್ಪಾ’ 2021ರ ಫೆಬ್ರವರಿ 22ರಂದು ಸಹಿಯಾಗಿ ಏಪ್ರಿಲ್ 1ರಿಂದ ಜಾರಿಗೆ ಬಂತು. ನಮ್ಮ 310 ಸರಕುಗಳಿಗೆ ಅಲ್ಲಿ, ಅವರ 615 ಸರಕುಗಳಿಗೆ ಇಲ್ಲಿ ರಿಯಾಯಿತಿ. ವಿಶೇಷ ಸಕ್ಕರೆ, ಮೀನು, ಬಿಸ್ಕತ್ತು, ಉಡುಪು ಅವರ ಪಟ್ಟಿಯಲ್ಲಿವೆ. ಸೇವಾ ವಲಯದಲ್ಲಿ 115 ಉಪವಲಯಗಳನ್ನು ಅವರು ನಮಗೆ ತೆರೆದಿದ್ದಾರೆ. ಆಮದು ಏಕಾಏಕಿ ಹೆಚ್ಚಾದರೆ ಸೂಕ್ಷ್ಮ ಸರಕುಗಳಿಗೆ ತಾನಾಗಿಯೇ ರಕ್ಷಣೆ ಸಿಗುವ ವ್ಯವಸ್ಥೆ ಬೇಕೆಂದು ಮುಂದೆ ಮಾತಾಡಲೂ ಒಪ್ಪಿಕೊಂಡರು. ಲಂಕೆಯ ಪಾಠವನ್ನು ನಮ್ಮ ಅಧಿಕಾರಿಗಳು ಮರೆತಿರಲಿಲ್ಲ ಎಂದು ನನಗನ್ನಿಸುತ್ತದೆ.

ಹಾಗಾದರೆ ದೊಡ್ಡ ದೇಶಕ್ಕೆ ಈ ಒಪ್ಪಂದಗಳಿಂದ ಬರುವುದೇನು? ಲಂಕೆಗೆ ನಾವು ಕಳಿಸುವುದರಲ್ಲಿ ಒಪ್ಪಂದದ ರಿಯಾಯಿತಿ ಬಳಸಿ ಹೋಗುವುದು ಬಹಳ ಸಣ್ಣ ಪಾಲು. ಪೆಟ್ರೋಲ್, ಔಷಧಿ, ವಾಹನ ಹೇಗೂ ಹೋಗುತ್ತವೆ. ಅವರು ನಮಗೆ ಕಳಿಸುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಒಪ್ಪಂದದ ಬಾಗಿಲಿನಿಂದಲೇ ಬರುತ್ತದೆ. ಅಂದರೆ ವ್ಯಾಪಾರದ ಲೆಕ್ಕಕ್ಕಿಂತ ಸ್ನೇಹದ ಲೆಕ್ಕ ಇಲ್ಲಿ ದೊಡ್ಡದು. ಚೀನಾ ಮಾರಿಷಸ್ ಜೊತೆಗಿನ ತನ್ನ ಒಪ್ಪಂದವನ್ನು 2021ರ ಜನವರಿ 1ರಂದು ಜಾರಿಗೆ ತಂದಿತು, ನಮ್ಮದಕ್ಕಿಂತ ಮೂರು ತಿಂಗಳು ಮೊದಲು. ಮಾಲ್ದೀವ್ಸ್ ಜೊತೆ 2017ರಲ್ಲೇ ಸಹಿ ಮಾಡಿದ್ದನ್ನು 2025ರ ಜನವರಿ 1ರಂದು ಜಾರಿಗೊಳಿಸಿತು. ನಾವು ಮಾಲೆಯಲ್ಲಿ ಮಾತು ಶುರುಮಾಡಿದ್ದು ಅದೇ ವರ್ಷದ ಜುಲೈನಲ್ಲಿ. ದೇಶಕ್ಕೆ ಈ ಸ್ನೇಹ ಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಸ್ನೇಹದ ಬೆಲೆಯನ್ನು ದೆಹಲಿಯ ಕಚೇರಿ ಕಟ್ಟುವುದಿಲ್ಲ, ಆಲೂರಿನ ಅಟ್ಟದ ಮೇಲಿನ ಮೂಟೆ ಕಟ್ಟುತ್ತದೆ. ನನ್ನ ತಕರಾರು ಇಷ್ಟೇ. ಒಪ್ಪಂದ ಬೇಡ ಎಂದಲ್ಲ, ಚೀಟಿಯನ್ನು ಓದುವವರು ಇರಬೇಕು ಎಂದು.

ಈ ವಿಷಯದಲ್ಲಿ ಸ್ವಲ್ಪ ಬದಲಾವಣೆ ಆಗಿದೆ. 2020ರ ಬಜೆಟ್‌ನಲ್ಲಿ ಕಸ್ಟಮ್ಸ್ ಕಾಯ್ದೆಗೆ 28ಡಿಎ ಎಂಬ ಹೊಸ ಕಲಂ ಸೇರಿಸಿ, ಆ ವರ್ಷದ ಸೆಪ್ಟೆಂಬರ್ 21ರಿಂದ ‘ಕರೋಟಾರ್’ ಎಂಬ ನಿಯಮಗಳನ್ನು ಜಾರಿಗೆ ತಂದರು. ಇದಕ್ಕೆ ಮೊದಲು ಆಮದುದಾರ ಚೀಟಿ ತೋರಿಸಿದರೆ ಬಹುಮಟ್ಟಿಗೆ ಕೆಲಸ ಮುಗಿಯುತ್ತಿತ್ತು. ಈಗ ಆ ಸರಕು ಆ ದೇಶದ್ದು ಹೇಗಾಯಿತು, ಎಲ್ಲಿ ಬೆಳೆಯಿತು, ಎಷ್ಟು ಮೌಲ್ಯ ಅಲ್ಲಿ ಸೇರಿತು ಎಂಬ ವಿವರ ಅವನ ಬಳಿ ಇರಬೇಕು, ಐದು ವರ್ಷ ಕಾಪಾಡಬೇಕು. ಅಧಿಕಾರಿಗೆ ಅನುಮಾನ ಬಂದರೆ ಕೇಳಬಹುದು, ಉತ್ತರ ಸರಿಯಿಲ್ಲದಿದ್ದರೆ ರಿಯಾಯಿತಿ ನಿಲ್ಲಿಸಬಹುದು.

ಉದ್ಯೋಗ ಹುಡುಕುತ್ತಿರುವ ಗೆಳೆಯರಿಗೆ, ಅದರಲ್ಲೂ ವಾಣಿಜ್ಯ ಓದಿದವರಿಗೆ, ಇಲ್ಲಿ ಒಂದು ಮಾತು. ಈ ಕಾಗದಗಳನ್ನು ಯಾರೋ ಸಿದ್ಧಪಡಿಸಬೇಕು, ಯಾರೋ ಪರಿಶೀಲಿಸಬೇಕು. ಕಸ್ಟಮ್ಸ್ ಬ್ರೋಕರ್ ಪರವಾನಗಿಗೆ ಕೇಂದ್ರ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿಯ ಪರೀಕ್ಷೆ ಇದೆ. ಸ್ಟಾಫ್ ಸೆಲೆಕ್ಷನ್ ಕಮಿಷನ್‌ನ ಸಿಜಿಎಲ್ ಪರೀಕ್ಷೆ ಬರೆದರೆ ಕಸ್ಟಮ್ಸ್‌ನ ಪ್ರಿವೆಂಟಿವ್ ಆಫೀಸರ್, ಎಕ್ಸಾಮಿನರ್ ಹುದ್ದೆಗಳಿವೆ. ನಮ್ಮ ಕಡೆಯಿಂದ ಬ್ಯಾಂಕು, ಪೊಲೀಸು, ಶಿಕ್ಷಕರ ನೇಮಕಾತಿಗೆ ಓದುವಷ್ಟು ಜನ ಇತ್ತ ತಿರುಗಿ ನೋಡುವುದಿಲ್ಲ. ಮೆಣಸು ಒಣಗಿಸಿದ ಕಣದಲ್ಲಿ ಆಡಿ ಬೆಳೆದವರೊಬ್ಬರು ಆ ಮೇಜಿನ ಹಿಂದೆ ಕೂತರೆ, ಮೂಟೆ ಬಿಚ್ಚಿ ನೋಡುವ ಕುತೂಹಲವಾದರೂ ಅವರಿಗಿರುತ್ತದೆ. ನಾನು ಸಿಜಿಎಲ್ ಮೊದಲ ಸಲ ಬರೆದು ಸೋತಿದ್ದೇನೆ, ಮತ್ತೆ ಬರೆಯುತ್ತಿದ್ದೇನೆ.

ಮಾಲ್ದೀವ್ಸ್ ಒಪ್ಪಂದದಲ್ಲಿ ಏನಿರುತ್ತದೋ ಕಾದು ನೋಡಬೇಕು. ಅವರು ನಮಗೆ ಮಾರಬಲ್ಲದ್ದು ಮುಖ್ಯವಾಗಿ ಮೀನು. ನಾವು ಅವರಿಗೆ 1981ರ ವ್ಯಾಪಾರ ಒಪ್ಪಂದದಡಿ ಅಕ್ಕಿ, ಮೊಟ್ಟೆ, ಈರುಳ್ಳಿ, ಆಲೂಗಡ್ಡೆ ಕಳಿಸುತ್ತಲೇ ಇದ್ದೇವೆ. ರಫ್ತು ನಿರ್ಬಂಧ ಇರುವ ವರ್ಷಗಳಲ್ಲೂ ಅವರ ಪಾಲು ಅವರಿಗೆ ಹೋಗುತ್ತದೆ. ಆ ಆಲೂಗಡ್ಡೆಯಲ್ಲಿ ನಮ್ಮ ಹಾಸನದ್ದೂ ಒಂದಿಷ್ಟು ಇರುವಂತಾದರೆ ಎಂಬುದು ನನ್ನ ಆಸೆ.

ಹೋದ ಸಲ ಆಲೂರಿಗೆ ಹೋದಾಗ ಇದನ್ನೆಲ್ಲ ಮಾವನಿಗೆ ಹೇಳಿದೆ. ಮೆಣಸಿನ ಬೆಲೆ ಮತ್ತೆ 600 ದಾಟಿದೆ. ಈ ಸಲ ಅವರು ಎಲ್ಲವನ್ನೂ ಅಟ್ಟಕ್ಕೆ ಹಾಕಿಲ್ಲ, ಅರ್ಧ ಮಾರಿ ಅರ್ಧ ಇಟ್ಟುಕೊಂಡಿದ್ದಾರೆ. ಪೂರ್ತಿ ಕೇಳಿಸಿಕೊಂಡು, ‘ಆ ಮಾಲ್ದೀವ್ಸ್‌ನಲ್ಲೂ ಮೆಣಸು ಬೆಳೀತಾರೇನವ್ವ?’ ಎಂದರು.

‘ಇಲ್ಲ ಮಾವ, ಅಲ್ಲಿ ಮೀನು.’

‘ಅಡಿಕೆ?’

‘ಹೇಳಿಕೊಳ್ಳೋ ಅಷ್ಟು ಇಲ್ಲ.’

‘ಹಂಗಾದ್ರೆ ವಾಸಿ. ಅಲ್ಲಿಂದ ಅಡಿಕೆ ಲೋಡು ಬಂದ್ರೆ ಹಿಡಿಯಾದು ಸುಲಭ. ಲಂಕೆಲಿ ಅವರೂ ಬೆಳೀತಾರಲ್ಲ, ಅದಕ್ಕೇ ಯಾವುದು ಯಾರದ್ದು ಅಂತ ಗೊತ್ತಾಗದೆ ಹೋಗಿದ್ದು’ ಎಂದು ಹೇಳಿ, ಕಣದಲ್ಲಿ ಒಣಗುತ್ತಿದ್ದ ಮೆಣಸನ್ನು ಕೈಯಾಡಿಸಲು ಹೋದರು.